ಸೂತಕವನ್ನು ಒಪ್ಪದ ಜಯದೇವಿ ಅಮ್ಮನವರು

ಚೆನ್ನೈಯ ಕನ್ನಡಿಗರಲ್ಲಿ, ಅದರಲ್ಲೂ ಲಿಂಗವಂತ ಮನೆತನಗಳಲ್ಲಿ, ಶ್ರೀಮತಿ ಜಯದೇವಿ ಅಮ್ಮನವರ ಕೈಯಡುಗೆ ಉಣ್ಣದವರೂ ಅವರಿಂದ ಬೈಸಿಕೊಳ್ಳದವರೂ ವಿರಳ. ವಿಮಾ ಕಚೇರಿಯಿಂದ ನಿವೃತ್ತರಾಗಿ ವರ್ಷಗಳೇ ಕಳೆದರೂ ಸಮಾಜದ ಕೆಲಸದಿಂದ ಅವರಿಗೆ ಯಾರೂ ಬಿಡುಗಡೆ ಕೊಟ್ಟಿಲ್ಲ. ಎಂಬತ್ತು ತುಂಬುತ್ತಿರುವ ಅವರಿಗೆ ಈ ಅಭಿನಂದನ ಗ್ರಂಥ ಅರ್ಪಿಸುತ್ತಿರುವ ಇಲ್ಲಿನ ಲಿಂಗವಂತರ ಸಂಘ ಸವಿಮಾತನ್ನೇ ಬಯಸುತ್ತದೆ. ಹೋದ ಶ್ರಾವಣದಲ್ಲಿ ಅದೇ ಸಂಘ ಮಾಡಿದ್ದನ್ನು ನುಂಗಿಕೊಂಡು ಸವಿಮಾತು ಬರೆಯುವುದು ಹೇಗೆ?

ಮದುವೆಯಾಗಿ ಧಾರವಾಡದ ಕಡೆಯಿಂದ ಚೆನ್ನೈಯ ಅಡ್ಯಾರಿಗೆ ಬಂದಾಗ ಅಮ್ಮನವರಿಗೆ ತಮಿಳಿನ ಗಂಧವೂ ಇರಲಿಲ್ಲ. ಬಟ್ಟೆ ವ್ಯಾಪಾರಿಗಳಾದ ಪತಿ ಗುರುಬಸಪ್ಪನವರೂ ಅವರೂ ಸೇರಿ ಮನೆಯನ್ನು ಛತ್ರ ಮಾಡಿಬಿಟ್ಟರು. ಊರಿನಿಂದ ಕೀಲ್ಪಾಕಿನ ಆಸ್ಪತ್ರೆಗೆ ಬಂದ ರೋಗಿಗಳ ಪಕ್ಕ ನಿಂತು ವೈದ್ಯರ ತಮಿಳನ್ನು ಕನ್ನಡದಲ್ಲಿ ತಿಳಿಸಿದವರು, ರೊಟ್ಟಿ ಪಲ್ಯದ ಬುತ್ತಿ ಒಯ್ದವರು, ಯಾರಾದರೂ ತೀರಿಕೊಂಡರೆ ದೇಹ ಸೆಟೆಯುವ ಮೊದಲೇ ಕುಳ್ಳಿರಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಕಳಿಸಿಕೊಟ್ಟವರು ಅವರೇ. ಮೈಲಿಗೆಯೆಂದು ಪೂಜೆಯ ದಿನ ಹೊರಗೆ ಕುಳಿತಿದ್ದ ಹುಡುಗಿ ಪೂರ್ಣಿಮಾಳನ್ನು ಕೈಹಿಡಿದು ಒಳಗೆ ಕರೆತಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಲಿಂಗ ಧರಿಸಿದವರಿಗೆ ಹುಟ್ಟು, ಸಾವು, ಮುಟ್ಟು ಯಾವುದರ ಸೂತಕವೂ ಇಲ್ಲವೆಂದು ಅವರು ಹೇಳಿದರು, ಹಾಗೆಯೇ ಬಾಳಿದರು.

ಊರಿನಿಂದ ಸ್ವಾಮಿಗಳು ಬರುವುದು ಅಪರೂಪವಾದ್ದರಿಂದ ಇಲ್ಲಿ ಹುಟ್ಟಿದ ಕೂಸುಗಳಿಗೆ ಲಿಂಗ ಕಟ್ಟುವುದೂ ಅಮ್ಮನವರೇ. ಶ್ರಾವಣ ಸೋಮವಾರ ಪೋರೂರಿನ ಪ್ರಾರ್ಥನಾ ಮಂದಿರದಲ್ಲಿ ಇಲ್ಲಿಯೇ ಬೆಳೆದ ಲಿಂಗವಂತ ಮನೆಯ ಹುಡುಗಿ ಬಿಂದುವಿನ ಕೂಸಿಗೆ ಕಟ್ಟಬೇಕಿತ್ತು. ಅದಕ್ಕೆ ಕೆಲವೇ ದಿನ ಮೊದಲು ಗುರುಬಸಪ್ಪನವರು ಲಿಂಗೈಕ್ಯರಾದರು. ಸಂಘದ ಕಾರ್ಯದರ್ಶಿ ರುದ್ರಮುನಿಯವರು ಫೋನ್ ಮಾಡಿ, ಈ ಊರಿನಲ್ಲಿ ಎಲ್ಲರೂ ಸಾವಿನ ತೀಟ್ಟು, ಅಂದರೆ ಸೂತಕ, ಹಿಡಿಯುತ್ತಾರೆ, ನಮ್ಮವರಲ್ಲೂ ಅದೇ ವಾಡಿಕೆಯಾಗಿದೆ, ಹದಿನಾರನೆಯ ದಿನದವರೆಗೆ ಅಮ್ಮನವರು ಮಂದಿರಕ್ಕೆ ಬರಬಾರದು, ಕೂಸಿಗೆ ಬೇರೆಯವರು ಕಟ್ಟುತ್ತಾರೆ ಎಂದರು. ತೀಟ್ಟಂತೆ! ನೆರೆಹೊರೆಯವರ ಭಾಷೆ ಕಲಿತದ್ದು ಸರಿ, ಅವರ ಸೂತಕವನ್ನೂ ಕಡ ತಂದು ಉಟ್ಟುಕೊಳ್ಳಬೇಕೇ? ಗಂಡನ ಸಮಾಧಿಯ ಮುಂದೆ ಅಳದೆ ನಿಂತಿದ್ದ ಅಮ್ಮನವರು ಆ ಫೋನ್ ಇಟ್ಟ ಮೇಲೆ ಅತ್ತರು. ಇಷ್ಟು ವರ್ಷ ಹೇಳಿಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂಬ ಸಂಕಟ ಅವರದು.

ಸೋಮವಾರ ಅವರು ವಿಭೂತಿ ಧರಿಸಿ ಹೋದರು. ಬಾಗಿಲಲ್ಲಿ ರುದ್ರಮುನಿಯವರು ಕೈಮುಗಿದುಕೊಂಡೇ ಅಡ್ಡ ನಿಂತರು.

"ಅಮ್ಮಾ, ಕೋಪ ಮಾಡ್ಕೋಬೇಡಿ. ಕಮಿಟಿ ಡಿಸೈಡ್ ಮಾಡಿದೆ. ತೀಟ್ಟು ಮುಗಿದ ಮೇಲೆ ನಾನೇ ಕಾರ್ ಕಳಿಸ್ತೀನಿ."

"ರುದ್ರಮುನಿ, ನಿನ್ನ ಹಡೆದಾಕಿ ಕೀಲ್ಪಾಕಿನಾಗ ತೀರಿಕೊಂಡ ದಿನಾನ ನಿನಗ ಲಿಂಗಾ ಕಟ್ಟೀನಿ. ಆಕಿನ್ನ ಮಣ್ಣು ಮಾಡಿ ಬಂದ ಕೈಲೇ ಕಟ್ಟೀನಿ. ಅವತ್ತ ನಿನ್ನ ಹೊರಗ ನಿಂದರಸಬೇಕಾಗಿತ್ತೇನು?"

ರುದ್ರಮುನಿಯವರು ತಲೆ ತಗ್ಗಿಸಿದರೇ ಹೊರತು ಬಾಗಿಲು ಬಿಡಲಿಲ್ಲ. ಒಳಗಿದ್ದ ಹಿರಿಯರು ಯಾರೂ ಕುಳಿತಲ್ಲಿಂದ ಏಳಲಿಲ್ಲ. ಎದ್ದು ಬಂದವಳು ಬಾಣಂತಿ ಬಿಂದು ಒಬ್ಬಳೇ. ಕಾರ್ಯದರ್ಶಿಗಳನ್ನು ದಾಟಿ ಹೊರಬಂದು ಮೆಟ್ಟಿಲ ಮೇಲೆ ಕುಳಿತು, "ಇಲ್ಲೇ ಕಟ್ಟಿ, ಪಾಟ್ಟಿ" ಎಂದು ಕೂಸನ್ನು ತಾನು ಅಜ್ಜಿಯೆಂದೇ ಕರೆಯುವ ಅಮ್ಮನವರ ಮಡಿಲಿಗೆ ಕೊಟ್ಟಳು. ಲಿಂಗಧಾರಣೆ ಮೆಟ್ಟಿಲ ಮೇಲೆಯೇ ಆಯಿತು.

ಈಗ ಅದೇ ಸಂಘ ಶಾಲು, ಹಣ್ಣಿನ ಬುಟ್ಟಿ, ಈ ಗ್ರಂಥ ಹಿಡಿದುಕೊಂಡು ಅವರನ್ನು ವೇದಿಕೆಗೆ ಕರೆಯುತ್ತಿದೆ. ಮೊನ್ನೆ ಮೊನ್ನೆ ಸಾವಾದ ಮನೆಯವರನ್ನು ಮೊದಲ ಸಾಲಿನಲ್ಲಿ ಕೂರಿಸುವುದಾದರೆ ಮಾತ್ರ ಬರುತ್ತೇನೆಂದು ಅಮ್ಮನವರು ಹೇಳಿ ಕಳಿಸಿದ್ದಾರೆ. ಇದು ಅಚ್ಚಿಗೆ ಹೋಗುವವರೆಗೂ ಸಂಘ ಉತ್ತರ ಕೊಟ್ಟಿಲ್ಲ. ಗುರುಕೃಪೆಯಿಂದ ಅಮ್ಮನವರಿಗೆ ನೂರು ತುಂಬಲಿ. ಇನ್ನೂ ಎಷ್ಟೋ ಕೂಸುಗಳ ಕೊರಳಿಗೆ ಆ ಕೈ ಲಿಂಗ ಕಟ್ಟಲಿ, ಮಂದಿರದ ಒಳಗೇ ಕಟ್ಟಲಿ.