ಹಳದಿ ಚುಕ್ಕೆಯವರೆಗೆ

ನಮ್ಮ ಚಿಕ್ಕಮ್ಮ ಕಣ್ಣು ಮಾಡುತ್ತಾಳೆ, ಚಿಕ್ಕಪ್ಪ ಕಿವಿ ಮಾಡುತ್ತಾನೆ. ಹೀಗೆಂದರೆ ಕೇಳಿದವರು ಬೆಚ್ಚಿಬೀಳುತ್ತಾರೆ; ಶಾಲೆಗಳಿಗೆ ಹೋಗುವ ಪಾಠದ ಮಾದರಿಗಳು ಎಂದ ಮೇಲೆ ನಗುತ್ತಾರೆ. ಮನೆಯ ಹಿಂದಿನ ತಗಡಿನ ಶೆಡ್ಡೇ ಇಬ್ಬರ ಕಾರ್ಖಾನೆ. ಒಂದು ಗೋಡೆಗೆ ಮುಖ ಮಾಡಿ ಅವಳ ಮೇಜು, ಎದುರು ಗೋಡೆಗೆ ಮುಖ ಮಾಡಿ ಅವನ ಮೇಜು. ನಡುವೆ ನಾನು ರಟ್ಟಿನ ಪೆಟ್ಟಿಗೆ, ಹಳೆ ಪೇಪರು, ಅಂಟುಪಟ್ಟಿ ಹರಡಿಕೊಂಡು ಪ್ಯಾಕಿಂಗ್ ಮಾಡುತ್ತೇನೆ. ಬೀದಿಯವರು ಅವಳನ್ನು ಕಣ್ಣಮ್ಮ ಎಂದೂ ಅವನನ್ನು ಕಿವಿಯಪ್ಪ ಎಂದೂ ಕರೆಯುತ್ತಾರೆ. ನಾನು ಅವಳ ಅಕ್ಕನ ಮಗಳು. ನಮ್ಮಲ್ಲಿ ಬಾಯಿಯ ಮಾದರಿ ಮಾಡುವವರಿಲ್ಲ, ಆ ಕೊರತೆಯನ್ನು ನಾನು ತುಂಬುತ್ತಿದ್ದೇನೆಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಾನೆ.

ಅವನ ಕಿವಿ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡದು. ಹೊರಗಿನ ಹಾಲೆ, ಒಳಗೆ ತಮಟೆ, ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು, ಕೊನೆಗೆ ಸುರುಳಿ ಸುತ್ತಿದ ಶಂಖ. ಕೆಲಸ ಮಾಡುವಾಗ ಅವನು ಯಾರ ಮುಖವನ್ನೂ ನೋಡುವುದಿಲ್ಲ. ಆದರೂ ಬೆನ್ನ ಹಿಂದೆ ನಾನು ಸದ್ದಿಲ್ಲದೆ ಬಿಸ್ಕತ್ತಿನ ಡಬ್ಬಿ ತೆಗೆದರೆ ಗೊತ್ತಾಗುತ್ತದೆ.

ಚಿಕ್ಕಮ್ಮನ ಕಣ್ಣು ಪ್ಲಾಸ್ಟರಿನದು, ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಮುಂದೆ ಗಾಜಿನಂಥ ಪಾರಪಟಲ, ಆಮೇಲೆ ಬಣ್ಣದ ಉಂಗುರ, ಉಂಗುರದ ನಡುವೆ ಪಾಪೆ, ಅದರ ಹಿಂದೆ ಮಸೂರ. ಇವೆಲ್ಲ ಒಂದೊಂದಾಗಿ ಕಳಚಿ ಬರುತ್ತವೆ. ಮಸೂರದ ಹಿಂದೆ ಕಣ್ಣಿನ ಲೋಳೆಯ ಬದಲಿಗೆ ಪ್ಲಾಸ್ಟಿಕ್ಕಿನ ಒಂದು ಟೊಳ್ಳು ತಿಳಿಗುಂಡು, ಅದೂ ಬರುತ್ತದೆ. ಕಳಚದೆ ಉಳಿಯುವುದು ಹಿಂದಿನ ಗೋಡೆ. ಬೆಳಕನ್ನು ಹಿಡಿಯುವ ಅಕ್ಷಿಪಟಲವನ್ನು ಅವಳು ಆ ಗೋಡೆಯ ಮೇಲೆ ಕುಂಚದಿಂದ ಬಳಿಯುತ್ತಾಳೆ. ಕೆಂಪು ಹಚ್ಚಿ, ನರಗಳ ಗೆರೆ ಎಳೆದು, ಕೊನೆಗೆ ಉಸಿರು ಹಿಡಿದು ಒಂದು ಹಳದಿ ಚುಕ್ಕೆ ಇಡುತ್ತಾಳೆ. ಅದನ್ನಿಡಲು ಬೇರೆ ಯಾರಿಗೂ ಬಿಡುವುದಿಲ್ಲ.

"ಅಕ್ಷರ ಓದೋದು, ಸೂಜಿಗೆ ದಾರ ಪೋಣಿಸೋದು, ಮುಖ ಗುರುತು ಹಿಡಿಯೋದು, ಎಲ್ಲ ಈ ಚುಕ್ಕೆಯಿಂದಾನೇ," ಎಂದು ನನಗೆ ಹೇಳಿಕೊಟ್ಟವಳು ಅವಳು. "ಇದು ಹೋದ್ರೆ ಕಣ್ಣಿದ್ದೂ ದಂಡ."

ಮಾದರಿಯ ಜೊತೆ ಒಂದು ಹಲಗೆಯೂ ಹೋಗುತ್ತದೆ. ಅದರಲ್ಲಿ ಕಣ್ಣಿನ ಹೊರಗೆ ನೆಟ್ಟಗೆ ನಿಂತ ಮರ, ಕಣ್ಣಿನೊಳಗೆ ಅದೇ ಮರ ತಲೆಕೆಳಗು. ಆ ಮರಗಳನ್ನೂ ಅವಳೇ ಬರೆಯುವುದು.

ಮೊದಲು ಅವಳ ಬಲಗಣ್ಣಿನಲ್ಲಿ ಮಸಿ ಉದುರಿತು. ಗಾಳಿಯಲ್ಲಿ ಕಪ್ಪು ಚೂರುಗಳು ತೇಲುತ್ತಿವೆ ಎಂದು ಕೈಯಾಡಿಸಿ ಓಡಿಸುತ್ತಿದ್ದಳು. ಕಣ್ಣಂಚಿನಲ್ಲಿ ಆಗಾಗ ಮಿಂಚಿದಂತಾಗುತ್ತಿತ್ತಂತೆ. ಪ್ಲಾಸ್ಟರ್ ಧೂಳೆಂದು ತಣ್ಣೀರು ಎರಚಿಕೊಂಡಳು. ಆಮೇಲೆ ಕೆಳಗಡೆಯಿಂದ ಒಂದು ನೆರಳು ಎದ್ದಿತು. ಇದನ್ನು ಯಾರಿಗೂ ಹೇಳಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದರೆ, ಹೊಟ್ಟೆನೋವಿಗೆ ನಮ್ಮನ್ನೆಲ್ಲ ಏಳಿಸುತ್ತಾಳೆ, ಕಣ್ಣು ಹೋಗುತ್ತಿದ್ದರೆ ಬಾಯಿ ಬಿಡುವುದಿಲ್ಲ.

ಅವಳ ಲೆಕ್ಕಾಚಾರ ಹೀಗಿತ್ತು. ಮಾದರಿಯ ತಿಳಿಗುಂಡಿನ ಒಳಕ್ಕೆ ಧೂಳು ಸೇರಿದರೆ ಅದು ತಳಕ್ಕೆ ಇಳಿದು ಕೂರುತ್ತದೆ. ಮಾದರಿಯನ್ನು ಅಲುಗಾಡಿಸದೆ ನೆಟ್ಟಗಿಟ್ಟರೆ ಅಲ್ಲೇ ಇರುತ್ತದೆ, ಮೇಲೆ ಬರುವುದಿಲ್ಲ. ಹಾಗಾಗಿ ಅವಳು ನೆಟ್ಟಗೆ ಕೂತಳು. ಮಧ್ಯಾಹ್ನದ ನಿದ್ದೆ ಬಿಟ್ಟಳು. ರಾತ್ರಿ ದಿಂಬು ಪೇರಿಸಿಕೊಂಡು ಒರಗಿದಳು. ಅಕ್ಷಿಪಟಲದ ಯೋಚನೆಯೇ ಅವಳಿಗೆ ಬರಲಿಲ್ಲ. ಬಳಿದದ್ದು ಕಳಚುವುದುಂಟೇ?

ನೆರಳು ಮಾತ್ರ ಏರುತ್ತಿತ್ತು.

ಕಂಡುಹಿಡಿದವನು ಚಿಕ್ಕಪ್ಪ. ಒಂದು ಬೆಳಿಗ್ಗೆ ಅವನು ಇದ್ದಕ್ಕಿದ್ದಂತೆ ಉಳಿ ಕೆಳಗಿಟ್ಟ. ತಿರುಗಲಿಲ್ಲ, ಸುಮ್ಮನೆ ಕೂತ. ನಾನು ಏನೆಂದು ಕೇಳಹೋದರೆ ಕೈಯೆತ್ತಿ ತಡೆದ. ನನಗೂ ಆಗ ಕೇಳಿಸಿತು. ಚಿಕ್ಕಮ್ಮನ ಕುಂಚ ಬಣ್ಣದ ಡಬ್ಬಿಯೊಳಗೆ ಇಳಿಯುವ ಬದಲು ಹೊರಗಿನ ತಗಡಿಗೆ ಟಣ್ ಎಂದು ತಾಗುತ್ತಿತ್ತು. ಮತ್ತೆ ಟಣ್. ಆಮೇಲೆ ಎಡಗೈಯಿಂದ ಡಬ್ಬಿಯ ಬಾಯಿ ತಡವುವ ಸದ್ದು.

"ಏನೇ, ಡಬ್ಬಿ ಕಾಣಿಸ್ತಿಲ್ವಾ?" ಎಂದ, ಗೋಡೆ ನೋಡುತ್ತಲೇ.

"ಕಾಣ್ಸುತ್ತೆ."

"ಮತ್ತೆ ಯಾಕೆ ಅದರ ಹೊಟ್ಟೆಗೆ ತಿವೀತಿದೀಯ?"

ಅವನು ಎದ್ದು ಬಂದು ಅವಳ ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದ. ಇನ್ನೊಂದು ಕೈಯನ್ನು ಅವಳ ಮುಖದ ಮುಂದೆ ಹಿಡಿದು, ಏನು ಕಾಣುತ್ತದೆ ಎಂದು ಕೇಳಿದ.

"ಬೆರಳು ಕಾಣ್ತಿದೆ," ಎಂದಳು. "ಮಣಿಕಟ್ಟು ಇಲ್ಲ."

"ಏಳು, ಆಸ್ಪತ್ರೆಗೆ," ಎಂದ ಚಿಕ್ಕಪ್ಪ, ಅಂಗೈ ತೆಗೆಯದೆ. ಚಿಕ್ಕಮ್ಮ ಇನ್ನೂ ಕುಂಚ ಹಿಡಿದೇ ಇದ್ದಳು. ಬಣ್ಣ ತೊಟ್ಟಿಕ್ಕಿ ಸೀರೆಯ ಮೇಲೆ ಬೀಳುತ್ತಿದ್ದರೂ ಅವಳಿಗೆ ಅದು ಕಾಣಲಿಲ್ಲ.

ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದಳು. ನಾವಿಬ್ಬರೂ ಎರಡು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಮಾಲು ಸಾಗಿಸುವ ವ್ಯಾನಿನಲ್ಲಿ, ಕಿವಿಗಳ ಪೆಟ್ಟಿಗೆಗಳ ನಡುವೆ ಕೂತು, ಅವಳು ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು.

"ನಾನು ದಿನಾ ಕಣ್ಣು ಬಿಚ್ಚೋಳು ಕಣೇ," ಎಂದಳು. "ಬಿಚ್ಚೋದು ಎಷ್ಟು ಸುಲಭ ಅಂತ ನಂಗೆ ಗೊತ್ತು. ಒಂದು ಕೊಕ್ಕೆ ತೆಗೆದ್ರೆ ಆಯ್ತು. ವಾಪಸ್ ಕೂರಿಸುವಾಗ ಎಷ್ಟು ಸಲ ಮುರಿದಿದೀನಿ, ನೀನೇ ನೋಡಿದೀಯ."

ನೋಡಿದ್ದೆ.

ಡಾಕ್ಟರಮ್ಮ ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅರಳುವವರೆಗೆ ಕಾದು, ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ ಎಂದರು. ಕೊನೆಗೆ ಮೇಜಿನ ಮೇಲಿದ್ದ ಕಣ್ಣಿನ ಮಾದರಿಯನ್ನು ಎತ್ತಿಕೊಂಡರು. ನಾನು ಚಿಕ್ಕಪ್ಪನ ಮುಖ ನೋಡಿದೆ. ಆ ಮಾದರಿ ನಮ್ಮ ಶೆಡ್ಡಿನದೇ.

"ಒಳಗಿನ ಪದರ ಹರಿದು ಗೋಡೆಯಿಂದ ಬಿಟ್ಕೊಂಡಿದೆ ಅಮ್ಮ," ಎಂದರು. "ಇದರಲ್ಲಿ ತೋರಿಸೋಕಾಗಲ್ಲ, ಮಾಡಿದೋರು ಅದನ್ನ ಗೋಡೆಗೇ ಬಳಿದುಬಿಟ್ಟಿದಾರೆ. ನಿಜವಾದ ಕಣ್ಣಲ್ಲಿ ಅದು ಗೋಡೆಗೆ ಅಂಟಿಸಿದ ಕಾಗದದ ಹಾಗೆ. ಹರಿದ ಕಡೆಯಿಂದ ನೀರು ಹಿಂದಕ್ಕೆ ಸೇರಿ ಬಿಡಿಸ್ತಾ ಹೋಗುತ್ತೆ."

"ಬಳಿದೋಳು ನಾನೇ," ಎಂದಳು ಚಿಕ್ಕಮ್ಮ, ಬಹಳ ಸಣ್ಣ ದನಿಯಲ್ಲಿ.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಮಾದರಿಯನ್ನು ಅವಳ ಕೈಗೇ ಕೊಟ್ಟರು. "ಹರಿದಿರೋದು ಮೇಲ್ಗಡೆ. ಅಲ್ಲಿಂದ ಕೆಳಕ್ಕೆ ಇಳೀತಿದೆ."

"ನೆರಳು ಕೆಳಗಡೆ ಇದೆಯಲ್ಲ ಡಾಕ್ಟ್ರೇ."

"ಕಣ್ಣೊಳಗೆ ಎಲ್ಲ ತಲೆಕೆಳಗಾಗಿ ಬೀಳುತ್ತಲ್ಲ. ಮೇಲಿನ ಭಾಗ ಹೋದ್ರೆ ಕೆಳಗಿನದು ಕಾಣಲ್ಲ. ನೀವು ನೆಟ್ಟಗೆ ಕೂತಷ್ಟೂ ಅದು ಇಳಿಯುತ್ತೆ. ಈಗ ಮಲಗಿ, ಏಳಬೇಡಿ. ಹಳದಿ ಚುಕ್ಕೆಯ ಅಂಚಿಗೆ ಬಂದಿದೆ. ಮುಟ್ಟಿದೆಯೋ ಇಲ್ಲವೋ ನಾನು ಖಾತ್ರಿ ಹೇಳಲಾರೆ."

ಚಿಕ್ಕಮ್ಮ ಅಳಲಿಲ್ಲ. ಮಾದರಿಯ ಒಳಗೆ ತಾನೇ ಇಟ್ಟ ಚುಕ್ಕೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಮಲಗಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಅದನ್ನು ಬಿಡಿಸಿ ನನ್ನ ಕೈಗೆ ಕೊಟ್ಟಳು. "ಭಯ ಆಗ್ತಿದೆ ಕಣೇ," ಎಂದಳು ಚಿಕ್ಕಮ್ಮ. ನನಗೆ ತಿಳಿದ ಮಟ್ಟಿಗೆ ಅವಳು ಜೀವನದಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಆಪರೇಷನ್ ಮುಗಿದ ಮೇಲೆ ಅವಳ ಕಣ್ಣಿನೊಳಗೆ ಒಂದು ಅನಿಲದ ಗುಳ್ಳೆ ಉಳಿಸಿದರು. ಅದು ಮೇಲಕ್ಕೇರಿ, ಹರಿದ ಪದರವನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ಈಗ ನೆಟ್ಟಗೇ ಕೂರಬೇಕಂತೆ. ಮೊದಲು ಕೂರಬಾರದಿತ್ತು, ಈಗ ಮಲಗಬಾರದು. ಗುಳ್ಳೆ ತಾನಾಗಿ ಕರಗುತ್ತದೆ, ಚುಕ್ಕೆ ಉಳಿದಿದೆಯೇ ಎಂಬುದು ಆಮೇಲೆಯೇ ಗೊತ್ತಾಗುವುದು ಎಂದರು.

ಮನೆಯಲ್ಲಿ ನಗು ನಿಂತಿತು. ಬಲಗಣ್ಣಿಗೆ ಬರೀ ಮಬ್ಬು ಬೆಳಕು ಕಾಣುತ್ತಿತ್ತು. ಅವಳು ಗೋಡೆಗೊರಗಿ ಕೂತಿರುತ್ತಿದ್ದಳು, ಚಿಕ್ಕಪ್ಪ ಶೆಡ್ಡಿಗೂ ಕೋಣೆಗೂ ಓಡಾಡುತ್ತಿದ್ದ. ಅವನು ಮಾಡಿದ ಒಂದು ಕಿವಿಯಲ್ಲಿ ರಿಕಾಪು ತಿರುವುಮುರುವಾಗಿ ಕೂತಿತ್ತು. ನಾನು ತೋರಿಸಿದಾಗ ಜಗಳಕ್ಕೂ ಬರಲಿಲ್ಲ. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಕೋಣೆಯಿಂದ ಅವಳ ದನಿ ಬಂತು. "ರೀ, ಬಂದ್ಬಿಡ್ತು ರೀ. ಕೆಳಗಡೆ ಮತ್ತೆ ನೆರಳು."

ನಾವು ಓಡಿದೆವು. ಬಲಗಣ್ಣಿಗೆ ಮೇಲೆ ಒಂದು ಪಟ್ಟಿಯಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ಅದರ ಕೆಳಗೆಲ್ಲ ಕಪ್ಪು ಎಂದಳು. ಚಿಕ್ಕಪ್ಪ ಮಂಚದ ಕಾಲಿಗೆ ಒರಗಿ ನೆಲದ ಮೇಲೇ ಕೂತುಬಿಟ್ಟ. ನಾನು ಆಸ್ಪತ್ರೆಗೆ ಫೋನ್ ಮಾಡಲು ಹೊರಟೆ.

"ತಡಿ," ಎಂದಳು ಚಿಕ್ಕಮ್ಮ. "ಆ ಮರದ ಹಲಗೆ ತಗೊಂಡು ಬಾ."

ತಂದುಕೊಟ್ಟೆ. ಅವಳು ತಲೆಕೆಳಗಾದ ಮರವನ್ನು ಎಡಗಣ್ಣಿನಿಂದ ನೋಡುತ್ತ ಕೂತಳು. ಆಮೇಲೆ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಓರೆ ಮಾಡಿದಳು.

"ಅವತ್ತಿನ ನೆರಳು ತಲೆ ಆಡಿಸಿದ್ರೂ ಅಂಟ್ಕೊಂಡೇ ಇರ್ತಿತ್ತು," ಎಂದಳು. "ಇದು ಬಾಟ್ಲಿಯೊಳಗಿನ ನೀರಿನ ಹಾಗೆ ಹೊಯ್ದಾಡ್ತಿದೆ. ರೀ, ಇದು ಗುಳ್ಳೆ. ಗುಳ್ಳೆ ಮೇಲಿದೆ, ಅದಕ್ಕೇ ಕೆಳಗೆ ಕಾಣ್ತಿದೆ."

ಆದರೂ ಫೋನ್ ಮಾಡಿದೆವು. ಹೌದು, ಅದು ಗುಳ್ಳೆಯೇ, ಕರಗುತ್ತಿದೆ ಎಂದರು ಡಾಕ್ಟರಮ್ಮ. ಚಿಕ್ಕಪ್ಪ ಎದ್ದು ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಅಲ್ಲಿಂದ ಮುಂದೆ ಆ ಗೆರೆ ಸ್ವಲ್ಪಸ್ವಲ್ಪವಾಗಿ ಕೆಳಕ್ಕೆ ಇಳಿಯಿತು. ಅದು ನಡುವನ್ನು ದಾಟುವ ದಿನಕ್ಕಾಗಿ ಕಾಯುತ್ತಿದ್ದೆವು, ಆ ದಿನ ಬಾರದಿರಲಿ ಎಂದೂ ಅನ್ನಿಸುತ್ತಿತ್ತು. ಚುಕ್ಕೆ ಸತ್ತಿದ್ದರೆ ಅವತ್ತೇ ತಿಳಿಯುವುದು. ದಾಟಿತೆಂದು ಅವಳು ಹೇಳಿದಾಗ ಚಿಕ್ಕಪ್ಪ ಅವಳ ಎದುರು ಮೊಣಕಾಲೂರಿ ಕೂತ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅವನ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಸ್ವಲ್ಪ ಸೊಟ್ಟಗೆ ಕಾಣ್ತೀರ," ಎಂದಳು. "ಮೊದಲಿಂದ ಹಂಗೇ ಇದ್ರೋ ಏನೋ." ಆಮೇಲೆ ಇನ್ನೂ ಹತ್ತಿರ ಬಾಗಿ, "ಎಡಗಿವಿ ಹಾಲೆ ಮೇಲೆ ಸಾಸಿವೆಯಷ್ಟು ಪ್ಲಾಸ್ಟರ್ ಒಣಗಿದೆ. ತೊಳ್ಕೊಳ್ಳಿ," ಎಂದಳು.

ಅವನು ತೊಳೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಅದೇ ಕಿವಿಯನ್ನು ಅವಳ ಮುಂದೆ ಹಿಡಿದು, "ಇದೆಯಾ?" ಎಂದು ಕೇಳಿದ. ಪ್ಲಾಸ್ಟರ್ ಉದುರಿಹೋದ ಮೇಲೆ ತಾನೇ ಕುಂಚದಿಂದ ಚುಕ್ಕೆ ಇಟ್ಟುಕೊಂಡು ಬರತೊಡಗಿದ. ಒಂದು ದಿನ ಹಾಲೆಯ ಮೇಲೆ, ಒಂದು ದಿನ ಮೇಲಂಚಿಗೆ, ಒಂದೊಂದು ದಿನ ಒಂದೊಂದು ಬಣ್ಣ. ಹರಿದ ಕಣ್ಣು ಮತ್ತೆ ಹರಿಯಬಹುದು, ಇನ್ನೊಂದು ಕಣ್ಣಿನ ಪದರವೂ ತೆಳುವಾಗಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹಾಗಾಗಿ ಈಗಲೂ ಟೀ ಕುಡಿಯುವ ಮುಂಚೆ ಚಿಕ್ಕಮ್ಮ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಅವನ ಕಿವಿಯ ಮೇಲಿನ ಚುಕ್ಕೆಯನ್ನು ಹುಡುಕುತ್ತಾಳೆ. ಬಣ್ಣ ಯಾವುದೆಂದು ಅವಳು ಹೇಳುವವರೆಗೆ ನಾವಿಬ್ಬರೂ ಲೋಟ ಮುಟ್ಟುವುದಿಲ್ಲ.