ಪಕ್ಕೀರಮ್ಮನ ಕಾಲ್ಗುಣ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಮ್ಮವರು. ಇಲ್ಲದಿದ್ದರೆ ಅಮೆರಿಕದ ಬ್ಯಾಂಕು ಮುಳುಗಿದ್ದಕ್ಕೆ ಕಾನಹೊಸಹಳ್ಳಿಯ ಪಕ್ಕೀರಮ್ಮನ ಕಾಲನ್ನು ಬೈಯುತ್ತಿದ್ದರೇ?

ಮದುವೆಯಾದ ವರ್ಷವೇ ಆಕೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಳು. ಆಕಾಶ ಮುಟ್ಟಬೇಕಿದ್ದ ಆಫೀಸು ಕಟ್ಟಡ. ಐದನೆಯ ಮಹಡಿಗೆ ಮೋಲ್ಡ್ ಹಾಕುವಷ್ಟರಲ್ಲಿ ಅಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದವು, ಇಲ್ಲಿ ಬಾಡಿಗೆಗೆ ಬರುತ್ತೇವೆಂದಿದ್ದ ಕಂಪನಿಗಳು ಕೈಯೆತ್ತಿದವು, ಕೆಲಸ ನಿಂತಿತು. ಎಷ್ಟೋ ವರ್ಷಗಳ ಮೇಲೆ ಇನ್ನೊಂದು ಕಟ್ಟಡ ಹನ್ನೊಂದನೆಯ ಮಹಡಿ ಮುಟ್ಟಿತ್ತು, ಕೊರೊನಾ ಬಂತು. ಆಫೀಸಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದ ಮೇಲೆ ಹೊಸ ಆಫೀಸು ಯಾರಿಗೆ ಬೇಕು? ಅದೂ ನಿಂತಿತು.

ಎರಡು ಕಡೆಯೂ ಪಕ್ಕೀರಮ್ಮ ಇದ್ದಳೆಂದು ಅವಳ ಊರಿನವನೇ ಆದ ಮೇಸ್ತ್ರಿ ಗಾಳೆಪ್ಪ ಕಂಡುಹಿಡಿದ. ತಾನೂ ಎರಡು ಕಡೆ ಇದ್ದದ್ದು ಮಾತ್ರ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

"ನಿನ್ನ ಕಾಲ್ಗುಣ ಸರಿ ಇಲ್ಲವ್ವ. ಇನ್ನ ನನ್ನ ಗುಂಪಿನಾಗ ಬ್ಯಾಡ," ಎಂದ.

ಆಕೆ ಊರಿಗೆ ಬಂದರೆ ಮಾತು ಆಕೆಗಿಂತ ಮೊದಲೇ ಬಸ್ಸಿಳಿದಿತ್ತು. ಪಕ್ಕದ ಮನೆಯ ಪಂಪಮ್ಮ ಹೊಸ ಮನೆಗೆ ಮೋಲ್ಡ್ ಹಾಕಿಸುತ್ತಿದ್ದಳು. ಪಕ್ಕೀರಮ್ಮ ಕಾಂಕ್ರೀಟಿನ ಪುಟ್ಟಿ ಹೊರಲು ಹೋದರೆ ಏಣಿಗೆ ಅಡ್ಡ ನಿಂತಳು.

"ತಪ್ಪು ತಿಳ್ಕೋಬ್ಯಾಡ ತಂಗಿ, ನೀ ಮ್ಯಾಲ ಹತ್ತಬ್ಯಾಡ. ಊಟಕ್ಕ ಬಾ."

ಯಾವ ಬಾಯಲ್ಲಿ ಉಣ್ಣುವುದು? ಮನೆಗೆ ಬಂದು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಒಂದು ಕಟ್ಟಡವನ್ನಾದರೂ ತುದಿ ಮುಟ್ಟಿಸದೆ ಈ ಮಾತು ಸಾಯುವುದಿಲ್ಲ ಎಂದು ಆಕೆಗೆ ಖಾತ್ರಿಯಾಯಿತು.

ಆಫೀಸುಗಳು ಮತ್ತೆ ತುಂಬಿದವು. ನಿಂತಿದ್ದ ಎರಡನೆಯ ಕಟ್ಟಡವನ್ನು ಬೇರೆ ಕಂಪನಿಯವರು ಕೊಂಡು ಆಳು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಗಾಳೆಪ್ಪ, "ಮತ್ತ ನಿಂತ್ರ ಏನ್ ಮಾಡೂದು?" ಎಂದು ಹಿಂಜರಿದ. ಪಕ್ಕೀರಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು, ತಾನೇ ಮೇಸ್ತ್ರಿಯಾಗಿ ಬಸ್ಸು ಹತ್ತಿದಳು.

ಹನ್ನೆರಡನೆಯ ಮಹಡಿಗೆ ಕಾಲಿಡುವಾಗ ನೋಡಿಕೊಂಡು ಬಲಗಾಲನ್ನೇ ಇಟ್ಟಳು. ಸುಳ್ಳೇಕೆ, ಜನ ಹೇಳಿದ್ದನ್ನು ಆಕೆಯೂ ಒಂಚೂರು ನಂಬಿದ್ದಳು. ಆದರೆ ಕೆಲಸ ನಿಲ್ಲಲಿಲ್ಲ. ಮಹಡಿಯ ಮೇಲೆ ಮಹಡಿ ಏರಿ ಕಡೆಯ ಮೋಲ್ಡೂ ಬಿತ್ತು. ಅದಕ್ಕೆ ನೀರು ಹೊಡೆದು, ಅಲ್ಲಿಂದಲೇ ಪಂಪಮ್ಮನಿಗೆ ವಿಡಿಯೊ ಕಾಲ್ ಮಾಡಿದಳು.

"ಹತ್ತಬ್ಯಾಡ ಅಂದಿದ್ದ್ಯಲ್ಲ ಅಕ್ಕಾ, ಎಲ್ಲಿ ಹತ್ತೀನಿ ನೋಡು."

ಹಿಂದೆ ನಿಂತ ಹೆಂಗಸರು ಶಿಳ್ಳೆ ಹೊಡೆದರು.

ಈ ವರ್ಷ ಪಂಪಮ್ಮ ಮನೆಯ ಮೇಲೊಂದು ಮಹಡಿ ಎಬ್ಬಿಸಿದಳು. ಕೆಲಸ ಹಿಡಿದವನು ಗಾಳೆಪ್ಪ. ಮೋಲ್ಡ್ ಹಾಕುವ ಬೆಳಿಗ್ಗೆ ಪಂಪಮ್ಮ ತಾನೇ ಬಂದು ಪಕ್ಕೀರಮ್ಮನ ಕೈಹಿಡಿದು ಕರೆದೊಯ್ದಳು.

"ಮೊದಲನೇ ಪುಟ್ಟಿ ನೀನ ಹೊರಬೇಕು ತಂಗಿ. ಬಲಗಾಲಿಟ್ಟು ಹತ್ತು."

ಏಣಿಯ ಬುಡದಲ್ಲಿ ಗಾಳೆಪ್ಪ ನೆಲ ನೋಡುತ್ತ ನಿಂತಿದ್ದ. ಪಕ್ಕೀರಮ್ಮ ತುಂಬಿದ ಪುಟ್ಟಿಯನ್ನೆತ್ತಿ ಅವನ ತಲೆಯ ಮೇಲಿಟ್ಟಳು.

"ನೀವ ಹತ್ರಿ ಮೇಸ್ತ್ರಿ. ಈ ಸಲ ಕೆಲ್ಸ ನಿಂತ್ರ ನಿಮ್ಮ ಕಾಲ್ಗುಣ ಅಂತೀವಿ."