ಅಜ್ಜಿ ಒಗೆದ ಕಲ್ಲು

ನಿನ್ನೆ ಗೌಂಡಿ ಮಲ್ಲಪ್ಪನಿಗೆ ಚಹಾ ಕೊಡುವಾಗ ಪಕ್ಕದ ಹಿತ್ತಲಿನಿಂದ ಅರಿವೆ ಸಾಬೂನಿನ ವಾಸನೆ ತೇಲಿ ಬಂತು. ಇಳಕಲ್ಲಿನಲ್ಲಿ ಬಾಡಿಗೆಗೆಂದು ನಾಲ್ಕು ಮನೆ ಕಟ್ಟಿಸುತ್ತಿದ್ದೇನೆ, ನೋಡಿ. ಮಲ್ಲಪ್ಪನದು ಒಂದೇ ಪ್ರಶ್ನೆ: "ಅರಿವಿ ಒಗ್ಯಾಕ ಏನ್ ಮಾಡೂಣ್ರಿ ಸರ?"

ಉತ್ತರ ನನ್ನ ಬಳಿ ಸಿದ್ಧವಿತ್ತು. ನಾಲ್ಕೂ ಮನೆಗೆ ಸೇರಿ ಒಂದು ಒಗೆಯುವ ಕಲ್ಲು, ಅದಕ್ಕೊಂದು ಗೇಟು, ಗೇಟಿಗೆ ಕೀಲಿ, ಕೀಲಿ ನನ್ನ ಕೈಯಲ್ಲಿ. ಉಳಿದ ಜಾಗದಲ್ಲಿ ನನ್ನ ಕಾರು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ಅಜ್ಜಿಯ ಕಲ್ಲು ನೆನಪಾಯಿತು.

ನಾನು ಚಿಕ್ಕವನಿದ್ದಾಗ ಹುನಗುಂದದಲ್ಲಿ ಬಾಡಿಗೆಗಿದ್ದೆವು. ಮನೆಯೊಡತಿ ಗೌರವ್ವ ಕೆಟ್ಟವಳೇನಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುವಳು. ಹಿತ್ತಲಿನ ಕಲ್ಲನ್ನು ಮಾತ್ರ ಮುಟ್ಟಗೊಡಳು. "ಮನಿ ಬಾಡಗಿ ಕೊಟ್ಟೇನಿ, ಕಲ್ಲು ಕೊಟ್ಟಿಲ್ಲ" ಎನ್ನುವಳು. ಹೀಗಾಗಿ ಅವ್ವ ಗಂಟು ಹೊತ್ತು ಹಳ್ಳಕ್ಕೆ ಹೋಗಬೇಕು. ಆಗ ನನ್ನ ತಮ್ಮ ಅವ್ವನ ಹೊಟ್ಟೆಯಲ್ಲಿದ್ದ. ಒಂದು ದಿನ ದಾರಿಯಲ್ಲೇ ತಲೆ ಸುತ್ತಿ ಕೂತುಬಿಟ್ಟಳು. ಅಂದು ಅಜ್ಜಿ ಸೆರಗು ಸಿಗಿಸಿದಳು.

ಇಳಕಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿದ್ದ ನನ್ನ ಸೋದರಮಾವನಿಗೆ ಹೇಳಿಕಳಿಸಿ ಒಂದು ಕೆಂಪು ಚಪ್ಪಡಿ ತರಿಸಿದಳು. ಮಾವ ಪ್ರೀತಿಯಿಂದ ಎಲ್ಲಕ್ಕಿಂತ ಚೆಂದದ್ದನ್ನೇ, ಅದೂ ಪಾಲಿಶ್ ಹೊಡೆಸಿ ಕಳಿಸಿದ್ದ. ಅದರ ಮೇಲೆ ಅಪ್ಪನ ಅಂಗಿ ಇಟ್ಟು ತಿಕ್ಕಿದರೆ ಜಾರಿ ಮಣ್ಣಿಗೆ! ಗೌರವ್ವ ಕಟ್ಟೆಯ ಮೇಲೆ ಕೂತು ನಕ್ಕಳು.

"ಏನಬೇ ಮುದುಕಿ, ಕನ್ನಡಿ ತರಿಸಿಯೇನ? ತಲಿ ಬಾಚ್ಕೋ!"

"ಬಾಚ್ಕೋತೇನಿ. ನಿನ್ನ ಮಾರಿನೂ ಕಾಣಸ್ತೈತಿ ಇದರಾಗ, ಬಂದು ನೋಡ್ಕೋ."

ಸವೆದ ಬೀಸುಕಲ್ಲಿಗೆ ಉಳಿ ಹೊಡೆದು ತರಿ ಮಾಡಿಕೊಡುವ ಹೆಂಗಸೊಬ್ಬಳು ಓಣಿಗೆ ಬರುತ್ತಿದ್ದಳು. ಅಜ್ಜಿ ಅವಳನ್ನು ಕೂರಿಸಿ, ರೊಟ್ಟಿ ತಿನ್ನಿಸಿ, ಆ ಮಿರುಗುವ ಕಲ್ಲಿನ ಮೈಯೆಲ್ಲ ಒರಟು ಮಾಡಿಸಿದಳು. ಮರುದಿನ ಮುಂಜಾನೆ ನಮ್ಮ ಬಾಗಿಲ ಮುಂದೆಯೇ ಒಗೆತ. ಆ ಬಡಿತ ಓಣಿಯ ತುದಿಗೂ ಕೇಳಿತು.

"ಇವತ್ತಽ ಮನಿ ಖಾಲಿ ಮಾಡ್ರಿ," ಎಂದಳು ಗೌರವ್ವ.

"ಮಾಡ್ತೇವಿ. ಅರಿವಿ ಒಣಗಲಿ," ಎಂದಳು ಅಜ್ಜಿ.

ಒಣಗಿದವು. ಚಕ್ಕಡಿಗೆ ಮೊದಲು ಏರಿದ್ದು ಕಲ್ಲು, ಆಮೇಲೆ ನಾವು. ಮುಂದೆ ಯಾವ ಬಾಡಿಗೆ ಮನೆ ನೋಡಲು ಹೋದರೂ ಅಜ್ಜಿ ಮೊದಲು ಕೇಳುತ್ತಿದ್ದುದು, "ಕಲ್ಲು ಎಲ್ಲಿ ಹಾಕೂಣ?" ಬೇಡವೆಂದವರ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಆ ಕಲ್ಲು ಈಗ ನಮ್ಮ ಹಿತ್ತಲಿನಲ್ಲಿ ಹೂಕುಂಡ ಹೊತ್ತು ಕೂತಿದೆ. ಮನೆಯೊಳಗೆ ಮಷಿನ್ ಬಂದಿದೆಯಲ್ಲ. ಅಂಥ ಅಜ್ಜಿಯ ಮೊಮ್ಮಗ ಕೀಲಿ ಹಿಡಿದ ಗೌರವ್ವನಾಗಲು ಹೊರಟಿದ್ದ!

"ಮನಿಗೊಂದು ಕಲ್ಲು, ಮನಿಗೊಂದು ನಳ, ಒಣಗಾಕ ತಂತಿ," ಎಂದೆ. "ಮಷಿನ್ ಇದ್ದವರಿಗೆ ಕರೆಂಟಿಂದೂ ಒಂದು ಪಾಯಿಂಟು. ಗೇಟು ಬ್ಯಾಡ. ಕಲ್ಲಿಗೆ ಪಾಲಿಶ್ ಅಂತೂ ಬ್ಯಾಡಽ ಬ್ಯಾಡ."

"ಮತ್ತ ನಿಮ್ಮ ಕಾರು ಎಲ್ಲಿ ನಿಂದರಸ್ತೀರಿ ಸರ?"

"ಬಿಸಲಾಗ ನಿಂದ್ರಲಿ. ಮತ್ತ ಕೇಳಪಾ, ಮೂರಽ ಕಲ್ಲು ತಾ. ನಾಕನೇದು ಮನ್ಯಾಗ ಐತಿ."

ಸಂಜೆ ಹೂಕುಂಡ ಎತ್ತಿ ಕೆಳಗಿಟ್ಟೆ. ಉಳಿಯ ತರಿ ಇನ್ನೂ ಅಂಗೈಗೆ ಚುಚ್ಚುತ್ತದೆ.